ಗೀಜಗದ ಉದ್ದನೆಯ ಗೂಡು

ಬಾವಿಯ ಮೇಲೆ ಬಾಗಿದ ಜಾಲಿಮರದಲ್ಲಿ ಗೀಜಗಗಳ ಮುಖಂಡನೊಬ್ಬನಿದ್ದ. ಎಲ್ಲರ ಗೂಡೂ ವರ್ಷವರ್ಷ ಉದ್ದವಾಗಲೇಬೇಕೆಂದು, ಅಳತೆಯ ಹುಲ್ಲೆಳೆಯೊಂದನ್ನು ಕಾಲಲ್ಲಿ ಹಿಡಿದು ಹಾರಾಡುತ್ತಿದ್ದ.

“ರೀ, ಮರಿಗಳಿಗೆ ಮೆತ್ತೆಯಿಲ್ಲ, ನಿದ್ದೆಯೂ ಇಲ್ಲ,” ಎಂದಳು ಹೆಂಡತಿ.

“ಮೆತ್ತೆ ಹಾಕಿದರೆ ಉದ್ದ ಹೆಚ್ಚುತ್ತದೆಯೇ?” ಎಂದು ಅವನು ಇನ್ನಷ್ಟು ನೇಯ್ದ. ಕೊನೆಗೆ ಗೂಡಿನ ಬಾಯಿ ನೀರನ್ನೇ ಮುಟ್ಟಿತು. ಮುಖಂಡ ಖುಷಿಯಿಂದ ಲಾಗ ಹಾಕಿದ.

ಗೂಡಿನೊಳಗಿನಿಂದ ಕಪ್ಪೆಯೊಂದು ಇಣುಕಿತು. “ಏಣಿ ಬಲು ಸೊಗಸಾಗಿದೆ, ಸ್ವಾಮಿ! ನೀರುಹಾವೂ ವಿಳಾಸ ಕೇಳುತ್ತಿತ್ತು.”

ಮುಖಂಡನ ಕಾಲಿನಿಂದ ಹುಲ್ಲೆಳೆ ಜಾರಿ ಕೊಂಬೆಗೆ ಸಿಕ್ಕಿಕೊಂಡಿತು. ಎದ್ದೆನೋ ಬಿದ್ದೆನೋ ಎಂದು ಗೂಡಿನ ಬಾಲವನ್ನು ಕತ್ತರಿಸಿ ಮೇಲೆಳೆದುಕೊಂಡ. ಹೆಂಡತಿ ಆ ಹುಲ್ಲನ್ನೆಲ್ಲ ಹಿಂಜಿ, ಅಳತೆಯ ಎಳೆಯನ್ನೂ ಸೇರಿಸಿ, ಮರಿಗಳ ಕೆಳಗೆ ಹಾಸಿದಳು.

“ಅಯ್ಯೋ, ಇನ್ನು ನಾನು ಏನನ್ನು ಅಳೆಯಲಿ?” ಎಂದು ಅವನು ಕಿರುಚಿದ.

“ಶ್! ಮರಿಗಳು ಮಲಗಿವೆ,” ಎಂದಳು ಅವಳು.