ಎದುರಾಳಿಯ ಚಾಪೆ

ನದಿ ಕಡಲನ್ನು ಸೇರುವ ಕಡೆ ತ್ರಯಂಬಕ ಗುರುಗಳ ಆಶ್ರಮ. ಅಲ್ಲೊಂದು ನಿಯಮವಿತ್ತು. ಹೊರಗಿನ ಸಭೆಗೆ ವಾದಕ್ಕೆ ಹೋಗುವವನು ಮೊದಲು ಇಲ್ಲಿ ಎದುರಾಳಿಯ ಚಾಪೆಯ ಮೇಲೆ ಕೂತು, ತನ್ನ ಮಾತನ್ನು ತಾನೇ ಖಂಡಿಸಬೇಕು. ಆಮೇಲೆಯೇ ಅಪ್ಪಣೆ.

ಶಿಷ್ಯ ಹೇರಂಬನಿಗೆ ಪಟ್ಟಣದ ವಿದ್ವತ್ಸಭೆಯಿಂದ ಕರೆ ಬಂತು. ಅವನು ವರ್ಷಗಟ್ಟಲೆ ಕಾದಿದ್ದ ಕರೆ.

"ಏನು ಹೇಳುತ್ತೀಯ ಅಲ್ಲಿ?" ಗುರುಗಳು ಕೇಳಿದರು.

"ಚೀನಾದ ಚಕ್ರವರ್ತಿಯ ಹಡಗುಗಳು ಕಲ್ಲಿಕೋಟೆಗೆ ಬಂದಿದ್ದವು, ಆಫ್ರಿಕಾದ ಕರಾವಳಿಗೂ ಹೋಗಿದ್ದವು. ಅಷ್ಟನ್ನು ಎಲ್ಲರೂ ಒಪ್ಪುತ್ತಾರೆ. ಅವು ಅಲ್ಲಿಗೇ ನಿಲ್ಲಲಿಲ್ಲ, ಯುರೋಪಿನವರಿಗಿಂತ ಮೊದಲೇ ಅಮೆರಿಕಾವನ್ನೂ ಮುಟ್ಟಿದವು ಎಂದು ಸಾಧಿಸುತ್ತೇನೆ."

"ಸಾಧಿಸು. ಮೊದಲು ಚಾಪೆ ಬದಲಿಸು."

ಸಹಪಾಠಿ ದತ್ತ ನಗುತ್ತ ಹೇರಂಬನ ಜಾಗದಲ್ಲಿ ಕೂತ. ಈ ಹಡಗುಗಳ ಕಥೆ ಕೇಳಿ ಕೇಳಿ ಅವನಿಗೆ ಸಾಕಾಗಿತ್ತು.

ಹೇರಂಬ ಎದುರಿನ ಚಾಪೆಯಿಂದ, "ಪುರಾವೆ ಸಾಲದು. ಒಪ್ಪುವುದಿಲ್ಲ" ಎಂದ.

"ಇಷ್ಟೇನಾ ಮಾರಾಯ?" ದತ್ತ ಅಂದ. "ನಿನ್ನ ಎದುರಾಳಿ ಊಟ ಮಾಡಿ ಬಂದಿಲ್ಲವಾ?"

ಗುರುಗಳು ನಗಲಿಲ್ಲ. "ಎದುರಾಳಿಯ ಕೈಕಾಲು ಕಟ್ಟಿ ಕುಸ್ತಿಗೆ ಇಳಿಸಿದ್ದೀಯ, ಹೇರಂಬ. ಹೀಗೆ ಗೆಲ್ಲುವವನನ್ನು ನಾನು ಎಲ್ಲಿಗೂ ಕಳಿಸುವುದಿಲ್ಲ."

"ಇವತ್ತು ದೋಣಿ ಹತ್ತದಿದ್ದರೆ ಸಭೆ ತಪ್ಪುತ್ತದೆ, ಗುರುಗಳೇ."

"ತಪ್ಪಲಿ."

ಹೇರಂಬನ ಮುಖ ಬಾಡಿತು.

ದತ್ತ ಗಂಟಲು ಸರಿಮಾಡಿಕೊಂಡ. "ಈಗ ನಾನೇ ಹೇರಂಬ. ಅಮೆರಿಕಾದ ತೀರದಲ್ಲಿ ಚೀನಾದ ಪಿಂಗಾಣಿ ಚೂರು ಸಿಕ್ಕಿದೆ. ಅದು ಈಜಿಕೊಂಡು ಹೋಯಿತೇನು?"

ಹೇರಂಬ ಚಾಪೆಯ ಅಂಚು ಕೀಳತೊಡಗಿದ. ಗುರುಗಳು ಎದ್ದು ಅಡುಗೆಮನೆಗೆ ಹೋದರು. ಉಪ್ಪಿನಕಾಯಿಯ ಪಿಂಗಾಣಿ ಭರಣಿ ತಂದು ಇಬ್ಬರ ನಡುವೆ ಇಟ್ಟರು.

ಹೇರಂಬ ಭರಣಿಯನ್ನೇ ನೋಡಿದ.

"ಇದೂ ಚೀನಾದ್ದೇ," ಎಂದ ಮೆಲ್ಲಗೆ. "ಆದರೆ ನಮ್ಮ ಅಡುಗೆಮನೆಗೆ ಯಾವ ಚೀನೀಯನೂ ಬಂದಿಲ್ಲ. ಕೈಯಿಂದ ಕೈಗೆ ದಾಟಿ ಬಂತು. ಆ ಚೂರೂ ಬೇರೆಯವರ ಹಡಗಿನಲ್ಲಿ ಹೋಗಿರಬಹುದು."

"ಅಮೆರಿಕಾವನ್ನು ತೋರಿಸುವ ಚೀನಾದ ಹಳೆಯ ನಕಾಶೆ ಇದೆಯಲ್ಲ?" ದತ್ತ ಕೇಳಿದ.

"ಅದು ಹಳೆಯದರ ನಕಲಂತೆ. ಮೂಲವನ್ನು ಕಂಡವರಿಲ್ಲ. ನಕಲು ಮಾಡಿದವನು ತನ್ನ ಕಾಲಕ್ಕೆ ತಿಳಿದದ್ದನ್ನೂ ಸೇರಿಸಿರಬಹುದು."

ದತ್ತನ ನಗು ಯಾವಾಗಲೋ ನಿಂತಿತ್ತು. ಅವನು ಮುಂದಕ್ಕೆ ಬಾಗಿದ.

"ಅಲ್ಲ ಕಣಯ್ಯ, ಅಂಥಾ ಹಡಗು, ಕೈಯಲ್ಲಿ ದಿಕ್ಸೂಚಿ, ನಕ್ಷತ್ರ ನೋಡಿ ದಾರಿ ಹಿಡಿಯುವ ಜನ! ಆಫ್ರಿಕಾದವರೆಗೆ ಬಂದು ಸುಮ್ಮನೆ ತಿರುಗಿ ಹೋಗುತ್ತಾರಾ? ಎಲ್ಲೆಲ್ಲಿಗೆ ಹೋದರೆಂದು ಬರೆದಿಟ್ಟದ್ದನ್ನು ಆಮೇಲಿನವರು ಸುಟ್ಟರಂತಲ್ಲ!"

"ಹೋಗಬಲ್ಲವರೆಲ್ಲ ಹೋದರು ಎನ್ನಲಾಗದು. ಸುಟ್ಟುಹೋದ ಹಾಳೆಯಲ್ಲಿ ನಮಗೆ ಬೇಕಾದದ್ದೇ ಇತ್ತು ಎಂದರೆ ಯಾರು..."

ಹೇರಂಬ ಮಾತು ನಿಲ್ಲಿಸಿದ.

"ಏನಾಯಿತು?" ಗುರುಗಳು ಕೇಳಿದರು.

"ಸುಟ್ಟ ಹಾಳೆಗಳೇ ನನ್ನ ಕೊನೆಯ ಅಸ್ತ್ರವಾಗಿದ್ದವು. ಈಗ ನಾನೇ ಮುರಿದುಹಾಕಿದೆ."

"ಹಾಗಾದರೆ ಅವರು ಹೋಗಲೇ ಇಲ್ಲ ಎಂದು ಗೊತ್ತಾಯಿತೇ?"

ಹೇರಂಬ ತಲೆಯಾಡಿಸಿದ. "ಇಲ್ಲ. ಅದೂ ಗೊತ್ತಾಗಲಿಲ್ಲ."

"ಈಗ ನನ್ನ ಅಪ್ಪಣೆ ಇದೆ. ಏಳು."

ಹೇರಂಬ ಏಳಲಿಲ್ಲ.

ದತ್ತ ಅವನ ತೋಳು ಹಿಡಿದು ಎಳೆದ. "ಏಳೋ! ಅಲ್ಲಿ ದೊಡ್ಡ ದೊಡ್ಡವರು ಬಂದಿರುತ್ತಾರೆ, ಕೇಳಿಕೊಂಡು ಬಾ. ಇಷ್ಟು ದಿನ ನಿನ್ನ ಕಾಟ. ಈಗ ಆ ಹಡಗುಗಳು ಎಲ್ಲಿಯವರೆಗೆ ಹೋದವು ಅಂತ ನನಗೂ ತಿಳಿಯದೆ ನಿದ್ದೆ ಬರುವುದಿಲ್ಲ."

ಹೇರಂಬ ಎದ್ದು ನಿಂತ. ಅವನ ಮುಖದಲ್ಲಿ ನಗುವಿನಂಥದ್ದೇನೋ ಮೂಡಿತು. ಆದರೂ ಬಾಗಿಲಲ್ಲಿ ತಿರುಗಿದ.

"ಗುರುಗಳೇ, ನನ್ನ ಕೈ ಖಾಲಿಯಾಗಿದೆ. ಏನನ್ನು ಹಿಡಿದುಕೊಂಡು ಹೋಗಲಿ?"

ಗುರುಗಳು ಹೊಳೆಯ ಕಡೆ ನೋಡಿದರು.

"ದಡವನ್ನು ಕೈಯಲ್ಲಿ ಹಿಡಿದುಕೊಂಡು ಯಾರಾದರೂ ಕಡಲಿಗೆ ಇಳಿಯುತ್ತಾರೇನಯ್ಯ? ಹೊರಡು, ನೀರು ಇಳಿಯತೊಡಗಿದೆ, ದೋಣಿ ಕಾಯುವುದಿಲ್ಲ."