ಮುಚ್ಚಿಟ್ಟ ಸಂಖ್ಯೆ

ಬೆಟ್ಟದ ಮೇಲೊಂದು ವೀಕ್ಷಣಾಲಯ. ಗುರು ಹಂಪಯ್ಯನವರಿಗೆ ಗಡ್ಡವಿರಲಿಲ್ಲ. ಶಿಷ್ಯೆ ನಿರುಪಮಾಳಿಗೆ ಮೋಕ್ಷ ಬೇಕಿರಲಿಲ್ಲ, ಡಾಕ್ಟರೇಟ್ ಬೇಕಿತ್ತು.

ಅವಳ ಪಾಲಿಗೆ ಬಂದದ್ದು ಒಂದು ಕ್ವೇಸಾರ್. ಬಹುದೂರದ ಆ ಜ್ಯೋತಿಯ ಬೆಳಕನ್ನು ನಡುವಿನ ಗ್ಯಾಲಕ್ಸಿಯೊಂದು ಬಗ್ಗಿಸಿ ಎರಡು ಬಿಂಬ ಮಾಡಿತ್ತು. ಒಂದು ಬಿಂಬ ಮಿನುಗಿದ ಎಷ್ಟೋ ದಿನಗಳ ಮೇಲೆ ಇನ್ನೊಂದು ಹಾಗೆಯೇ ಮಿನುಗುತ್ತಿತ್ತು. ಆ ತಡವನ್ನೂ ಗ್ಯಾಲಕ್ಸಿಯ ತೂಕವನ್ನೂ ಅರಿತರೆ, ವಿಶ್ವ ಹಿಗ್ಗುವ ವೇಗ ಸಿಗುತ್ತದೆ.

ಅಲ್ಲಿ ಒಂದು ಕಟ್ಟಳೆ. ಕೊನೆಯ ಸಂಖ್ಯೆಯನ್ನು ಕಂಪ್ಯೂಟರಿನಲ್ಲಿ ಮುಚ್ಚಿಟ್ಟೇ ಕೆಲಸ ಮಾಡಬೇಕು. ತಪಾಸಣೆಯೆಲ್ಲ ಮುಗಿದ ಮೇಲೆ ಎಲ್ಲರೆದುರು ತೆರೆಯಬೇಕು. ಬೇಕಾದ ಉತ್ತರ ಬರುವವರೆಗೂ ಮನುಷ್ಯರು ಲೆಕ್ಕ ತಿದ್ದುತ್ತಾರೆ, ವಿಜ್ಞಾನಿಗಳೂ ಮನುಷ್ಯರೇ.

ಅಂದು ನಿರುಪಮಾಳ ಸಂಖ್ಯೆ ತೆರೆದರು. ಹೆಸರಾಂತ ತಂಡಗಳ ಸಂಖ್ಯೆಗೆ ಸರಿಯಾಗಿ ಹೊಂದಿತು. ಚಪ್ಪಾಳೆ ಬಿತ್ತು, ಪೇಡ ಹಂಚಿದರು.

ಹಂಪಯ್ಯನವರೊಬ್ಬರನ್ನು ಬಿಟ್ಟು ಎಲ್ಲರೂ ಹೋದರು. ನಿರುಪಮಾ ಪೇಡ ಹಿಡಿದುಕೊಂಡೇ ನಿಂತಿದ್ದಳು.

"ಸಿಹಿ ಬಿಟ್ಟಿದ್ದೀಯೇನಮ್ಮ?"

"ಸರ್, ನಾನು ಮೊದಲೇ ಇಣುಕಿ ನೋಡಿದ್ದೆ."

ಹಂಪಯ್ಯ ಬಾಯಿ ಒರೆಸಿಕೊಂಡರು. "ಎಷ್ಟಿತ್ತು?"

"ತುಂಬಾ ಹೆಚ್ಚು. ನಗೆಪಾಟಲಾಗೋ ಅಷ್ಟು."

"ಆಮೇಲೆ?"

"ತಪ್ಪು ಹುಡುಕಿದೆ. ಗ್ಯಾಲಕ್ಸಿಯ ತೂಕದಲ್ಲಿ ಒಂದು ಸಿಕ್ಕಿತು. ತಿದ್ದಿದೆ."

"ನಿಜವಾದ ತಪ್ಪೇ?"

"ನಿಜವಾದದ್ದೇ ಸರ್. ಬೇಕಾದರೆ ತೋರಿಸ್ತೀನಿ."

"ಮತ್ತೆ ಮುಖ ಯಾಕೆ ಹೀಗಿದೆ?"

ಅವಳು ನೆಲ ನೋಡಿದಳು. "ಅದು ಸಿಕ್ಕ ಮೇಲೆ ಹುಡುಕೋದು ನಿಲ್ಲಿಸಿಬಿಟ್ಟೆ."

"ಯಾಕೆ?"

"ಸಂಖ್ಯೆ ಸರಿ ಬಂತು."

ಹಂಪಯ್ಯ ಹೇಳಿದರು: "ನಾನೂ ಇವತ್ತು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹೆಚ್ಚು ಬಂದಿದ್ದರೆ ಸಂಜೆತನಕ ಕೇಳ್ತಿದ್ದೆ."

ಬಾಗಿಲಿಗೆ ಹೋಗಿ ಕೂಗಿದರು. "ಓಬಳೇಶಾ, ಬಾರಯ್ಯ ಇಲ್ಲಿ."

ಓಬಳೇಶ ಅವಳಿಗಿಂತ ಕಿರಿಯ ವಿದ್ಯಾರ್ಥಿ. ಅವನ ಲೆಕ್ಕ ಆಮೆನಡಿಗೆ ಎಂದು ಹೀಯಾಳಿಸುತ್ತಿದ್ದವಳು ಅವಳೇ.

"ಈ ಕ್ವೇಸಾರ್ ಇನ್ನು ನಿಂದು. ಮೂಲ ಚಿತ್ರಗಳಿಂದ ಹಿಡಿದು ಎಲ್ಲ ಹೊಸದಾಗಿ ಮಾಡು. ಗ್ಯಾಲಕ್ಸಿಯ ತೂಕ ನೀನೇ ಲೆಕ್ಕ ಹಾಕು. ಇವಳ ಲೆಕ್ಕ ಮುಟ್ಟಬೇಡ."

"ಅಕ್ಕಂದು ಸರಿಯಾಗೇ ಬಂತಲ್ಲ ಸರ್?" ಎಂದ ಓಬಳೇಶ.

"ನಾನು ಕದ್ದು ನೋಡಿದ್ದೆ ಕಣೋ," ಎಂದಳು ನಿರುಪಮಾ. ಗುರುವಿಗೆ ಹೇಳಿದ್ದಕ್ಕಿಂತ ಇದು ಕಷ್ಟವಾಯಿತು.

ಅವನಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ತಲೆಯಾಡಿಸಿ ಹೊರಟುಹೋದ.

"ನನ್ನ ಡಾಕ್ಟರೇಟ್, ಸರ್?"

"ಬೇರೆ ಕ್ವೇಸಾರ್ ಕೊಡ್ತೀನಿ. ಮೊದಲಿಂದ ಶುರು ಮಾಡು."

ಅವಳ ಕಣ್ಣು ತುಂಬಿತು. "ಆದರೆ ಸರ್, ಆ ಉತ್ತರ ನಿಜಕ್ಕೂ ಸರಿಯೇ ಆಗಿದ್ದರೆ?"

"ಹಾಗಿದ್ದರೆ, ಅದಕ್ಕೆ ನಿನ್ನ ಸಹಾಯ ಯಾಕೆ ಬೇಕಿತ್ತು?"