ಕೇಳಲು ಕಲಿತ ವಕೀಲರು

ಮಲಪ್ರಭೆಯ ದಂಡೆಯ ಹೊಸಮಣ್ಣೂರಿನಲ್ಲಿ ಪೂಜ್ಯ ಗುರುಪಾದಯ್ಯ ಅಜ್ಜನವರ ಮಠವೆಂದರೆ ಎರಡು ಅಂಕಣದ ಮಣ್ಣಿನ ಮನೆ, ಮುಂದೊಂದು ಪಡಸಾಲೆ, ಅಷ್ಟೆ. ಬೆಳಗಿನ ಪೂಜೆ ಮುಗಿಸಿ ಬಂದ ಶ್ರೀಗಳು ದಾಸೋಹಕ್ಕೆ ಬೇಕಾದ ತೊಗರಿಬೇಳೆಯನ್ನು ಮೊರದಲ್ಲಿ ಹಾಕಿಕೊಂಡು ತಾವೇ ಹಸನು ಮಾಡುತ್ತ ಕೂಡುತ್ತಿದ್ದರು. ಬಂದವರು ಎದುರಿನ ಚಾಪೆಯ ಮೇಲೆ ಕುಳಿತು ತಮ್ಮ ಕಷ್ಟ ತೋಡಿಕೊಳ್ಳುತ್ತಿದ್ದರು. ಅಜ್ಜನವರು ಕೇಳುವುದು ಹೆಚ್ಚು, ಹೇಳುವುದು ಕಡಿಮೆ.

ಒಂದು ದಿನ ಜಿಲ್ಲಾ ಕೋರ್ಟಿನ ವಕೀಲರಾದ ಮುರಿಗೆಪ್ಪನವರು ಹೆಂಡತಿ ನೀಲಮ್ಮನವರ ಒತ್ತಾಯಕ್ಕೆ ಕಟ್ಟುಬಿದ್ದು, ಎಂಟು ವರ್ಷದ ಮಗಳು ಕಸ್ತೂರಿಯನ್ನು ಕರೆದುಕೊಂಡು ಅಲ್ಲಿಗೆ ಬಂದರು. ಮುರಿಗೆಪ್ಪನವರು ವಾದಕ್ಕೆ ನಿಂತರೆ ಕೋರ್ಟಿನ ಹೊರಗೂ ಜನ ನಿಂತು ಕೇಳುತ್ತಿದ್ದರು. ಅಂಥವರ ಮಗಳಿಗೆ ಮಾತು ತೊದಲುತ್ತಿತ್ತು. ವೈದ್ಯ, ಔಷಧ, ನಾಲಿಗೆಗೆ ಬಜೆ, ಎಲ್ಲವೂ ಆಗಿ ಹೋಗಿತ್ತು. ಈಗ ಎರಡು ತಿಂಗಳಿಂದ ಹುಡುಗಿ ತಂದೆಯೆದುರು ಬಾಯಿಯನ್ನೇ ಬಿಡುತ್ತಿರಲಿಲ್ಲ. ಸ್ವಾಮಿಗಳಲ್ಲಿ ವಕೀಲರಿಗೆ ನಂಬಿಕೆ ಇರಲಿಲ್ಲ. ವಿಭೂತಿ ಕೊಟ್ಟು ಕಳಿಸುತ್ತಾರೆ, ಹೆಂಡತಿಗೆ ಸಮಾಧಾನವಾಗುತ್ತದೆ, ಮಧ್ಯಾಹ್ನದೊಳಗೆ ಊರು ಸೇರಬಹುದು ಎಂದು ಲೆಕ್ಕ ಹಾಕಿಕೊಂಡೇ ಬಂದಿದ್ದರು.

ಅಜ್ಜನವರು ಮಗುವಿನತ್ತ ತಿರುಗಿ, "ನಿನ್ನ ಹೆಸರೇನವಾ?" ಎಂದರು.

"ಕಸ್ತೂರಿ ಅಂತ್ರಿ," ಎಂದರು ಮುರಿಗೆಪ್ಪನವರು. "ಸಾಲ್ಯಾಗ ಎರಡನೇತ್ತೆ ಕಲೀತಾಳ. ಬುದ್ಧಿ ಚುರುಕದ, ನಾಲಿಗೆ ಅಷ್ಟ..."

ಅಜ್ಜನವರು ವಕೀಲರನ್ನು ನೋಡಲಿಲ್ಲ. ಮೊರವನ್ನು ನಡುವೆ ಸರಿಸಿ ಹುಡುಗಿಯನ್ನು ಎದುರಿಗೆ ಕೂಡಿಸಿಕೊಂಡರು. ಹರಳು ಆರಿಸುತ್ತಲೇ, "ಬರೂ ಮುಂದ ಹಾದಿಯಾಗ ಏನ್ ನೋಡಿದಿ?" ಎಂದು ಕೇಳಿ ಸುಮ್ಮನಾದರು.

ಹುಡುಗಿಯ ತುಟಿ ನಡುಗಿತು. "ಎ... ಎ... ಎಮ್..." ಮುರಿಗೆಪ್ಪನವರಿಗೆ ತಡೆಯಲಾಗಲಿಲ್ಲ. "ಎಮ್ಮಿ, ಹೌದಲ್ಲ?" ಎನ್ನಲು ಬಾಯಿ ತೆರೆದರು. ನೀಲಮ್ಮನವರು ಅವರ ಮೊಣಕೈ ಹಿಡಿದುಕೊಂಡರು. ಅಜ್ಜನವರ ಮುಖದಲ್ಲಿ ಯಾವ ಅವಸರವೂ ಇರಲಿಲ್ಲ. ಇಡೀ ದಿನ ಈ ಒಂದು ಮಾತಿಗಾಗಿಯೇ ಮೀಸಲಾಗಿದೆಯೆಂಬಂತೆ ಕುಳಿತಿದ್ದರು. ಬಹಳ ಹೊತ್ತಿನ ಮೇಲೆ, ನಿಂತು ನಿಂತು, ಕಸ್ತೂರಿ ಹೇಳಿ ಮುಗಿಸಿದಳು: ಎಮ್ಮೆಯ ಬೆನ್ನ ಮೇಲೆ ಗೊರವಂಕವೊಂದು ಕೂತಿತ್ತು, ಎಮ್ಮೆ ಹೊಳೆಗಿಳಿದರೂ ಅದು ಇಳಿಯಲಿಲ್ಲ, ನೀರು ಕಾಲಿಗೆ ಬಂದಾಗ ಎಮ್ಮೆಯ ಕೊಂಬಿನ ಮೇಲೆ ಹೋಗಿ ಕೂತಿತು.

ಅದೇ ಹಾದಿಯಲ್ಲಿ ಮುರಿಗೆಪ್ಪನವರೂ ಬಂದಿದ್ದರು, ಹಕ್ಕಿಯನ್ನು ಕಂಡಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಮಗಳ ಒಂದು ಮಾತಿನ ಕೊನೆಯನ್ನು ತಾವು ಈವರೆಗೆ ಕೇಳಿಯೇ ಇರಲಿಲ್ಲ.

ಆಗ ಅಜ್ಜನವರು ಅವರತ್ತ ತಿರುಗಿದರು. "ತಮ್ಮಾ, ಮಗಳಿಗೆ ಮಾತು ಬರ್ತದ. ನಿನಗ ಕೇಳಾಕ ಬರೂದಿಲ್ಲ. ಕಲಿ."

"ಹ್ಯಾಂಗ ಕಲೀಲಿ ಅಜ್ಜಾರ?"

"ದಿನಾ ಸಂಜಿಮುಂದ ಅರ್ಧ ತಾಸು ಆಕಿ ಎದುರಿಗೆ ನೆಲದ ಮ್ಯಾಲೆ ಕೂಡು. ಕೈಯಾಗ ಏನರೆ ಕೆಲಸ ಇರಲಿ. ಆಕಿ ಮುಗಿಸೂತನಕ ಬಾಯಿ ತೆರೀಬ್ಯಾಡ. ಮುಗಿಸಿದ ಮ್ಯಾಲೂ ತಿದ್ದಬ್ಯಾಡ."

ಮಂತ್ರವಿಲ್ಲ, ತಾಯಿತವಿಲ್ಲ. ಇಷ್ಟೇನಾ ಎಂದುಕೊಂಡು ವಕೀಲರು ಹೊರಟರು. ಆದರೆ ದೊಡ್ಡ ದೊಡ್ಡ ಖಟ್ಲೆ ಗೆದ್ದವರಿಗೆ ಆ ಅರ್ಧ ತಾಸು ಗೆಲ್ಲುವುದು ಕಷ್ಟವಾಯಿತು. ಅವರೆಕಾಯಿ ಸುಲಿಯುತ್ತ ಕೂತರೆ ನಾಲಿಗೆ ತುದಿಗೆ ಮಗಳ ಮಾತು ತಾನಾಗಿ ಬಂದು ನಿಲ್ಲುತ್ತಿತ್ತು. ಹಲ್ಲು ಕಚ್ಚಿ ನುಂಗಿಕೊಳ್ಳುತ್ತಿದ್ದರು. ಮೂರು ದಿನ ಹೇಗೋ ಸಾಗಿತು. ನಾಲ್ಕನೆಯ ದಿನ ಹೊರಗೆ ಕಕ್ಷಿದಾರರು ಕಾಯುತ್ತಿದ್ದರು. ಕಸ್ತೂರಿ ಸಾಲಿಯ ಸುದ್ದಿ ಏನನ್ನೋ ಶುರು ಮಾಡಿ ಒಂದೇ ಅಕ್ಷರದಲ್ಲಿ ಸಿಕ್ಕಿಕೊಂಡಿದ್ದಳು. "ಲಗೂನ ಹೇಳ, ಏನಾತು? ಮಾಸ್ತರ ಬೈದರೇನು?" ಎಂದು ಗದರಿಬಿಟ್ಟರು. ಹುಡುಗಿ ಕೈಯಲ್ಲಿದ್ದ ಕಾಯಿಯನ್ನು ಬುಟ್ಟಿಯಲ್ಲಿಟ್ಟು ಎದ್ದು ಹೋದಳು. ಮರುದಿನವೂ ಹತ್ತಿರ ಸುಳಿಯಲಿಲ್ಲ.

ಮುರಿಗೆಪ್ಪನವರು ಒಬ್ಬರೇ ಮಠಕ್ಕೆ ಬಂದು ಅಜ್ಜನವರ ಪಾದದ ಬಳಿ ಕುಸಿದರು. "ತಪ್ಪಾತ್ರಿ ಅಜ್ಜಾರ. ನಿಮ್ಮ ಮಾತು ಮೀರಿದೆ. ಕ್ಷಮಾ ಮಾಡ್ರಿ."

"ನನಗ್ಯಾಕ ಹೇಳ್ತಿ?" ಎಂದರು ಶ್ರೀಗಳು, ಬಹಳ ಮೆಲ್ಲಗೆ. "ನೀ ನಡುವ ಕಡದದ್ದು ಯಾರ ಮಾತು?"

ಮಗುವಿನೆದುರು ತಪ್ಪೊಪ್ಪಿಕೊಳ್ಳುವುದೆಂದರೆ ಮುರಿಗೆಪ್ಪನವರ ಮನೆತನದಲ್ಲಿ ಯಾರೂ ಕೇಳಿ ಅರಿಯದ ಸಂಗತಿ. ಊರು ತಲುಪುವವರೆಗೂ ಮನಸ್ಸು ಹಿಂದೆಮುಂದೆ ನೋಡಿತು. ಮನೆಗೆ ಬಂದವರು ಅಂಗಿ ಸಹ ಕಳೆಯದೆ, ಅಡುಗೆಮನೆಯ ಹೊಸ್ತಿಲ ಬಳಿ ಕೂತಿದ್ದ ಮಗಳ ಎದುರು ನೆಲದ ಮೇಲೆ ಕುಳಿತರು. "ಕಸ್ತೂರಿ, ಅವತ್ತ ನಿನ್ನ ಮಾತು ಕಡದೆ. ನನ್ನದು ತಪ್ಪಾತು ಮಗಾ."

ಹುಡುಗಿ ತಂದೆಯ ಮುಖ ನೋಡಿದಳು. ಆಮೇಲೆ ಹೇಳತೊಡಗಿದಳು. ಸಾಲಿಯಲ್ಲಿ ಪದ್ಯ ಹೇಳಲು ನಿಲ್ಲಿಸಿದಾಗ ಹುಡುಗರೆಲ್ಲ ನಕ್ಕಿದ್ದರು, ಮಾಸ್ತರರೂ ತಡೆದಿರಲಿಲ್ಲ. ಅಂದಿನಿಂದ ಅವಳು ಅಲ್ಲಿಯೂ ಬಾಯಿ ಬಿಟ್ಟಿರಲಿಲ್ಲ. ಒಲೆಯ ಮೇಲಿನ ಅನ್ನ ಬೆಂದು ಇಳಿಯಿತು, ನೀಲಮ್ಮನವರು ಬಾಗಿಲಲ್ಲಿ ಬಂದು ನಿಂತರು. ಮಾತು ನಡೆದೇ ಇತ್ತು. ಮುರಿಗೆಪ್ಪನವರ ಮುಷ್ಟಿ ಬಿಗಿಯುತ್ತಿದ್ದುದನ್ನು ಮಗಳು ಕಂಡಳು.

"ನೀ... ನೀ ಮಾಸ್ತರ ಜೋಡಿ ಜಗಳಾ ಮ... ಮಾಡಬ್ಯಾಡಪಾ. ಬರೇ ಕ... ಕೇಳು."

ಅವರು ಬರೇ ಕೇಳಿದರು.

ಕಸ್ತೂರಿಯ ತೊದಲು ಪೂರ್ತಿ ಹೋಯಿತೆಂದು ಈ ಕಥೆ ಹೇಳುವ ಮಠದ ಭಕ್ತರೂ ಹೇಳುವುದಿಲ್ಲ. ಅದು ಸ್ವಲ್ಪ ಉಳಿಯಿತು. ಆದರೆ ಶ್ರಾವಣದ ಹೊತ್ತಿಗೆ ಆ ಮನೆಯಲ್ಲಿ ಮಾತಿಗೆ ಅಂಜುವವರು ಯಾರೂ ಇರಲಿಲ್ಲ.

ಆ ತಿಂಗಳು ಮೂವರೂ ದರ್ಶನಕ್ಕೆ ಬಂದಾಗ ಅಜ್ಜನವರು ನಗುತ್ತ ವಕೀಲರನ್ನು ಕೇಳಿದರು: "ಏನ್ ತಮ್ಮಾ, ಮಗಳು ಏನೇನ್ ಹೇಳಿದ್ಲು?"

ತಾಸುಗಟ್ಟಲೆ ಮಾತಾಡಬಲ್ಲ ಮುರಿಗೆಪ್ಪನವರು ಕೈಮುಗಿದು ಹಿಂದೆ ಸರಿದು ಕುಳಿತರು.

"ಅವು ಆಕೀ ಮಾತುಗಳ್ರಿ ಅಜ್ಜಾರ. ಆಕೀನ ಹೇಳಲಿ."